ಕ್ರೋಮಿನ ಮೇಲೆ ಕಪ್ಪು

"ಯಾವ ಕತ್ತೆ ಮಾಡಿದ ಕೆಲಸ ಇದು?"

ಬೆಳಿಗ್ಗೆ ವರ್ಕ್‌ಶಾಪಿನ ಒಳಗೆ ಕಾಲಿಟ್ಟವಳ ಬಾಯಿಂದ ಬಂದ ಮೊದಲ ಮಾತು ಅದು.

ಡಾಕ್ಟರಮ್ಮನ ಕಾರಿನ ಗ್ರಿಲ್ಲು ಪಳಪಳ ಹೊಳೆಯುತ್ತಿತ್ತು. ಕಿಟಕಿಗಳ ಸುತ್ತಲಿನ ಪಟ್ಟಿ, ಬಾಗಿಲ ಹಿಡಿಗಳು, ಡಿಕ್ಕಿಯ ಅಡ್ಡಪಟ್ಟಿ, ಯಾವುದನ್ನೂ ಬಿಟ್ಟಿರಲಿಲ್ಲ. ಹಿಂದಿನ ದಿನವಿಡೀ ಕೂತು ಅವಳು ಇದೇ ಕ್ರೋಮನ್ನು ಉಜ್ಜಿ ಉಜ್ಜಿ ಬೂದಿಬಣ್ಣಕ್ಕೆ ತಂದಿದ್ದಳು. ಒಂದು ಚುಕ್ಕೆ ಹೊಳಪೂ ಉಳಿಯದಂತೆ ನೋಡಿಕೊಂಡು, ಹೆಮ್ಮೆಯಿಂದ ಮನೆಗೆ ಹೋಗಿದ್ದಳು.

"ಕತ್ತೆ ಇಲ್ಲೇ ಇದೆ," ಎಂದಿತು ಕಾರಿನ ಹಿಂದಿನಿಂದ ಒಂದು ಗಂಡುದನಿ.

ಪಾಲಿಶ್ ಮಾಡುವ ಯಂತ್ರ ಹಿಡಿದು ಎದ್ದು ನಿಂತವನು ಅದೇ ವಾರ ಕೆಲಸಕ್ಕೆ ಸೇರಿದ್ದ ಪಾಲಿಶ್‌ನವನು. ಇವನು ಉಜ್ಜಿದ ಬಾನೆಟ್ಟಿನಲ್ಲಿ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು ಎಂದು ಓನರ್ ಹೇಳಿದ ದಿನದಿಂದ ಎಲ್ಲರಿಗೂ ಅವನು 'ಕನ್ನಡಿ'. ಅವನ ಕೆನ್ನೆಯ ಮೇಲೆ ಪಾಲಿಶ್ಶಿನ ಬಿಳಿ ಗೆರೆಯೊಂದು ಒಣಗಿತ್ತು. ಮುಖದಲ್ಲಿ ಬಹುಮಾನಕ್ಕೆ ಕಾದವನ ನಗು.

"ಯಾರೋ ಪಾಪಿ ಕ್ರೋಮೆಲ್ಲಾ ಗೀಚಿಹಾಕಿದ್ದ ರೀ. ನೋಡಿ ಹೊಟ್ಟೆ ಉರಿದುಹೋಯ್ತು. ಬೆಳಗಾಗೋದಕ್ಕೆ ಮುಂಚೆ ಬಂದು ಸರಿಮಾಡಿದೆ."

"ಆ ಪಾಪಿ ನಾನೇ."

ನಗು ನಿಂತಿತು.

"ನೀವು… ಬೇಕಂತಲೇ?"

"ಬೇಕಂತಲೇ. ಇದಕ್ಕೆಲ್ಲಾ ಕಪ್ಪು ಬಳೀಬೇಕು. ಹೊಳಪಿನ ಮೇಲೆ ಬಣ್ಣ ನಿಲ್ಲುತ್ತಾ? ಕೆಸುವಿನೆಲೆ ಮೇಲೆ ನೀರು ಹಾಕಿದ ಹಾಗೆ ಜಾರಿಹೋಗುತ್ತೆ."

ಅವನು ಕ್ರೋಮನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಕ್ರೋಮನ್ನು ನೋಡಿದ. "ಇಷ್ಟು ಚೆಂದದ ಕ್ರೋಮಿಗೆ ಕಪ್ಪಾ? ಪಾಪ ಹತ್ತುತ್ತೆ ರೀ."

ನಿಜವಾದ ಕಾರಣ ಸರಳವಾಗಿತ್ತು. ಡಾಕ್ಟರಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಬಿಸಿಲಲ್ಲಿ ಕ್ರೋಮ್ ಮಿಂಚಿದರೆ ಸೂಜಿ ಚುಚ್ಚಿದಂತಾಗುತ್ತದೆ ಎಂದಿದ್ದರು. ಕಾರು ಬದಲಿಸಿ ಎಂದು ಮಕ್ಕಳು ಹೇಳಿದರೆ, "ಇಷ್ಟು ವರ್ಷದ ಜೊತೆ, ಮಿಂಚಿತು ಅಂತ ಬಿಟ್ಟುಬಿಡೋಕಾಗುತ್ತಾ?" ಎಂದು ಗದರಿ ಕಾರನ್ನು ಇಲ್ಲಿಗೆ ತಂದಿದ್ದರು. ಹೊಳೆಯುವುದೆಲ್ಲ ಮಂದಗಪ್ಪಾಗಬೇಕು. ಬಿಸಿಲಿಗೆ ಬೆಳ್ಳಗಾದ ಪ್ಲಾಸ್ಟಿಕ್ ಬಂಪರ್ ಅಂಚುಗಳೂ ಸೈಡ್ ಮಿರರ್‌ಗಳ ಮುಚ್ಚಳಗಳೂ ಅದೇ ಕಪ್ಪಿಗೆ ಬರಬೇಕು.

ಅವಳ ಪಾಲಿಗೆ ಅದು ಬರೀ ಒಂದು ಕಾರಾಗಿರಲಿಲ್ಲ. ಹಿರಿಯ ಪೇಂಟರು ಕೆಲಸ ಬಿಡುವವರಿದ್ದರು. ಇಷ್ಟು ವರ್ಷ ಅವಳ ಕೈಗೆ ಬಂದದ್ದು ಚೂರುಪಾರು ಮಾತ್ರ: ಹಿಡಿ, ಪಟ್ಟಿ, ಮುಚ್ಚಳ. ಓನರ್ ಹೇಳಿದ್ದರು, "ಇದೊಂದು ಕಾರು ಕಲೆಯಿಲ್ಲದೆ ಹೊರಗೆ ಹೋಗಲಿ ಮಗಳೇ, ಪೇಂಟ್ ಬೂತ್ ನಿಂದು. ಇಲ್ಲಾಂದ್ರೆ ನಾನು ಹೊರಗಿನವರನ್ನ ಕರೀಬೇಕಾಗುತ್ತೆ."

ಈಗ ಬಂದ ಓನರ್, ನಡೆದದ್ದು ಕೇಳಿ ಹೊಟ್ಟೆ ಹಿಡಿದು ನಕ್ಕರು. ಬಳಿಕ ಕನ್ನಡಿಯ ಕೈಗೆ ಉಜ್ಜುವ ಹಾಳೆ ಕೊಟ್ಟರು. "ಮಾಡಿದ್ದುಣ್ಣೋ ಮಹಾರಾಯ. ನೀನೇ ಹೊಳೆಸಿದ್ದು, ನೀನೇ ಕೊಲ್ಲು."

*

ಹೊಳಪನ್ನೇ ಹೊಟ್ಟೆಪಾಡು ಮಾಡಿಕೊಂಡವನು ಹೊಳಪನ್ನು ಕೊಲ್ಲುವುದನ್ನು ನೋಡುವಂತಿರಲಿಲ್ಲ. ಮೊದಲ ಸಲ ಗ್ರಿಲ್ಲಿಗೆ ಹಾಳೆ ತಾಗಿಸಿದಾಗ ಅವನು ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಟ್ಟು ಉಜ್ಜಿ. ಅದೇನು ಕುರಿಯಲ್ಲ."

"ನಿಮಗೆ ಕರುಣೆ ಅನ್ನೋದೇ ಇಲ್ವಾ?"

"ಇದೆ. ಕ್ರೋಮಿನ ಮೇಲಿಲ್ಲ."

ಮಾಸ್ಕಿನ ಮೇಲೆ ಅವಳ ಕಣ್ಣುಗಳಷ್ಟೇ ಕಾಣುತ್ತಿದ್ದವು. ಆ ಕಣ್ಣುಗಳು ನಗುತ್ತಿದ್ದವೋ ಬೈಯುತ್ತಿದ್ದವೋ ತಿಳಿಯದೆ ಅವನು ಮತ್ತೆ ಮತ್ತೆ ನೋಡಿದ. ಪ್ರತಿ ಸಲವೂ ಅವಳು ಅದೇ ಕ್ಷಣಕ್ಕೆ ತಲೆಯೆತ್ತಿ, "ಅಲ್ಲಿ ಇನ್ನೂ ಹೊಳೀತಿದೆ," ಎನ್ನುತ್ತಿದ್ದಳು. ಹೊಳೆಯುವ ಜಾಗ ಯಾವುದೆಂದು ಅವನು ಒಮ್ಮೆಯೂ ಕೇಳಲಿಲ್ಲ.

ಅವಳು ಅವನಿಗೆ ಕಲಿಸಿದಳು. ಕಿಟಕಿಯ ರಬ್ಬರಿನ ಅಂಚಿನ ಕೆಳಗೆ ತೆಳು ಹಗ್ಗ ತೂರಿಸಿ ಎತ್ತಿಟ್ಟರೆ ಬಣ್ಣ ಒಳಗಿನವರೆಗೂ ಹೋಗುತ್ತದೆ. ಆಮೇಲೆ ಹಗ್ಗ ಎಳೆದರೆ ರಬ್ಬರು ತನ್ನ ಜಾಗಕ್ಕೆ ಮರಳುತ್ತದೆ, ಬಣ್ಣದ ಅಂಚು ಎಲ್ಲಿದೆಯೆಂದು ಹುಡುಕಿದರೂ ಸಿಗುವುದಿಲ್ಲ. ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಅಂಟುಲೇಪ ಕ್ರೋಮಿಗೂ ಪ್ಲಾಸ್ಟಿಕ್ಕಿಗೂ ಬೇರೆ ಬೇರೆ. ಒಂದಕ್ಕೆ ಹಾಕುವುದನ್ನು ಇನ್ನೊಂದಕ್ಕೆ ಹಾಕಿದರೆ ಮೊದಲ ಬೇಸಿಗೆಗೇ ಸಿಪ್ಪೆ ಏಳುತ್ತದೆ.

"ಕಾಣದ ಕಡೆ ಇಷ್ಟು ಕಷ್ಟ ಯಾಕೆ?" ಎಂದ ಅವನು.

"ಕಾಣಬಾರದು ಅಂತಲೇ."

ಅವನು ಕೈ ನಿಲ್ಲಿಸಿ ಅವಳನ್ನು ನೋಡಿದ. ಈ ಸಲ ಅವಳು ತಲೆಯೆತ್ತಲಿಲ್ಲ. ಕಿವಿಯ ತುದಿ ಮಾತ್ರ ಬಿಸಿಯಾಯಿತು.

ಅದೇ ಮೆತ್ತಗಾದ ಗಳಿಗೆಯಲ್ಲಿ ಅವಳು ಯಾರಿಗೂ ಕೊಡದ ಅನುಮತಿಯನ್ನು ಕೊಟ್ಟಳು. "ಬಣ್ಣ ಹೊಡೆಯೋದು ನೋಡ್ತೀರಾ? ಮೂಲೇಲಿ ನಿಲ್ಲಿ. ಏನೂ ಮುಟ್ಟಬೇಡಿ."

ಬಣ್ಣ ಹೊಡೆಯುವ ಆ ಮುಚ್ಚಿದ ಕೋಣೆಯ, ಬೂತಿನ, ಬಿಳಿ ಬೆಳಕಿನಲ್ಲಿ ಅವಳ ಕೈ ಒಂದೇ ಹದದಲ್ಲಿ ಆಡಿತು. ತೆಳುವಾದ ಮೊದಲ ಹೊದಿಕೆ, ಮಂಜು ಕೂತಂತೆ. ಗ್ರಿಲ್ಲು ಮುಗಿಯಿತು, ಪಟ್ಟಿಗಳು ಮುಗಿದವು. ಕೊನೆಗೆ ಉಳಿದದ್ದು ಸ್ಟ್ಯಾಂಡಿನ ಮೇಲಿದ್ದ ಸೈಡ್ ಮಿರರ್ ಮುಚ್ಚಳಗಳು. ಅವಳು ಸ್ಪ್ರೇ ಗನ್ನಿಗೆ ಬಣ್ಣ ತುಂಬಲು ತಿರುಗಿದಾಗ ಮುಚ್ಚಳದ ಮೇಲೊಂದು ನೂಲಿನ ಎಳೆ ಬಂದು ಕೂತಿತು. ಧೂಳು ಕಂಡರೆ ಸುಮ್ಮನಿರಲಾರದ ಕೈ ಅವನದು. ಜೇಬಿನಿಂದ ಬಟ್ಟೆ ತೆಗೆದು ಮೆಲ್ಲಗೆ ಒರೆಸಿದ.

ಪಾಲಿಶ್ ಒರೆಸುವ ಬಟ್ಟೆ.

ಬಣ್ಣ ಬಿದ್ದ ಮರುಕ್ಷಣವೇ ಮುಚ್ಚಳದ ತುಂಬ ಕುಳಿಗಳು ಎದ್ದವು. ದುಂಡಗೆ, ಮೀನಿನ ಕಣ್ಣುಗಳ ಹಾಗೆ. ಪಾಲಿಶ್ಶಿನಲ್ಲಿರುವ ಸಿಲಿಕೋನ್ ಬಣ್ಣವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅವಳು ಗನ್ ಕೆಳಗಿಳಿಸಿದಳು. ತಿರುಗಿ ಅವನ ಕೈಯಲ್ಲಿದ್ದ ಬಟ್ಟೆ ನೋಡಿದಳು. ಅವನ ಮುಖ ಸುಣ್ಣದಂತಾಗಿತ್ತು.

ಆಗಲೇ ಬಾಗಿಲು ತೆರೆಯಿತು. ಓನರ್.

"ಇದೇನಮ್ಮಾ ಇದು? ಯಾರ ತಪ್ಪು?"

"ನಂದು," ಎಂದಳು ಅವಳು.

"ನಂದು," ಎಂದ ಅವನು. "ಕೊಳಕು ಬಟ್ಟೇಲಿ ಒರೆಸಿದೆ. ಅವರದೇನೂ ಇಲ್ಲ."

ಓನರ್ ಇಬ್ಬರನ್ನೂ ನೋಡಿದರು. "ಹೊಗಳಿಕೆಗೆ ಕಿತ್ತಾಡೋರನ್ನ ಕಂಡಿದ್ದೆ. ತಪ್ಪಿಗೆ ಕಿತ್ತಾಡೋರನ್ನ ಈಗಲೇ ಕಂಡಿದ್ದು. ಶನಿವಾರ ಡಾಕ್ಟರಮ್ಮ ಬರ್ತಾರೆ. ಅಷ್ಟೇ ನಾನು ಹೇಳೋದು."

ಬಾಗಿಲು ಮುಚ್ಚಿಕೊಂಡಿತು. ಅವಳು ಮಾಸ್ಕ್ ಕಿತ್ತು ತೆಗೆದಳು.

"ಯಾರು ಕೇಳಿದ್ರು ನಿಮ್ಮನ್ನ? ನಂದು ಅಂದಮೇಲೆ ಮುಗೀತು. ನನಗೆ ಯಾರ ಆಸರೆಯೂ ಬೇಕಾಗಿಲ್ಲ."

"ಆಸರೆ ಅಲ್ಲ ರೀ, ನಿಜ. ಮಾಡಿದ್ದು ನಾನು."

"ಬೂತ್ ಒಳಗೆ ಬಿಟ್ಟಿದ್ದು ನಾನು."

"ಒಪ್ಪಿದೆ. ಹಾಗಾದ್ರೆ ಅರ್ಧರ್ಧ. ತಪ್ಪಲ್ಲಾದ್ರೂ ಪಾಲು ಕೊಡಿ."

"ಕೊಡಲ್ಲ."

ಅವನು ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಸರಿ. ನಾನಿನ್ನು ಈ ಬೂತಿನ ಹತ್ತಿರಕ್ಕೂ ಬರಲ್ಲ."

"ಒಳ್ಳೇದು," ಎಂದಳು ಅವಳು. ಅಂದದ್ದು ಕೇಳಿಸಿಕೊಂಡು ಅವನು ನಿಜವಾಗಿಯೂ ಹೋಗಿಬಿಟ್ಟ.

*

"ಆ ಪಾತ್ರೆ ಏನು ಪಾಪ ಮಾಡಿತ್ತು?" ಎಂದರು ಅತ್ತಿಗೆ, ಆ ರಾತ್ರಿ ಮನೆಯ ಅಡುಗೆಮನೆಯಲ್ಲಿ. "ತಳ ಸವೆದು ತೂತಾಗುತ್ತೆ, ಬಿಡು."

ಅವಳು ಉಜ್ಜುವುದು ನಿಲ್ಲಿಸಿದಳು.

"ಯಾರ ಮೇಲೆ ಸಿಟ್ಟು?"

"ಯಾರ ಮೇಲೂ ಇಲ್ಲ."

"ಹೆಸರು ಹೇಳೋಕಾಗದಿದ್ರೆ ಕೆಲಸ ಹೇಳು."

"ಪಾಲಿಶ್."

ಅತ್ತಿಗೆ ಸೆರಗಿನಲ್ಲಿ ನಗು ಒರೆಸಿಕೊಂಡರು. "ನಿನ್ನದು ಗೊತ್ತಲ್ಲ, ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಜಾತಿ. ನಿಮ್ಮಣ್ಣನೂ ಅಷ್ಟೇ. ಮದುವೆಗೆ ಮುಂಚೆ ಒಂದು ತಿಂಗಳು ನನ್ನ ಹತ್ರ ಮಾತು ಬಿಟ್ಟಿದ್ರು. ಯಾಕೆ ಅಂತ ಇವತ್ತಿಗೂ ಇಬ್ಬರಿಗೂ ನೆನಪಿಲ್ಲ."

"ಆಮೇಲೆ?"

"ಆಮೇಲೇನು, ನಾನೇ ಹೋಗಿ ಮಾತಾಡಿಸಿದೆ. ನನ್ನ ಮೂಗೇನೂ ಸವೆದುಹೋಗಲಿಲ್ಲ, ನೋಡು."

ಅವಳು ಪಾತ್ರೆಯನ್ನು ಮೆತ್ತಗೆ ತೊಳೆದಿಟ್ಟಳು.

*

ಮರುದಿನ ಮುಚ್ಚಳಗಳ ಬಣ್ಣ ಉಜ್ಜಿ ತೆಗೆದು, ತೊಳೆದು, ಮತ್ತೆ ತೊಳೆದು ಶುರುಮಾಡಿದಳು. ಬೂತಿನಲ್ಲಿ ಯಾರೂ ಇರಲಿಲ್ಲ. ಕೆಲಸದ ಹೊತ್ತಿಗೆ ಯಾವಾಗಲೂ ಹೀಗೇ ಇರಬೇಕೆಂದು ಬಯಸುತ್ತಿದ್ದವಳು ಅವಳು. ಆ ದಿನ ಮಾತ್ರ ಮೂಲೆಯ ಕಡೆ ಎರಡು ಸಲ ನೋಡಿದಳು.

ಮಧ್ಯಾಹ್ನ ಬೂತಿನ ಗಾಳಿ ಸೋಸುವ ಫಿಲ್ಟರ್ ತೆಗೆದು ನೋಡಿದಾಗ ಅವಳಿಗೆ ಅಚ್ಚರಿಯಾಯಿತು. ದಿನವೂ ಪಾಲಿಶ್ಶಿನ ಬಿಳಿಪುಡಿ ಹಿಡಿದಿರುತ್ತಿದ್ದ ಫಿಲ್ಟರ್ ಶುಭ್ರವಾಗಿತ್ತು. ಯಂತ್ರದ ಗುಂಯ್ ಎನ್ನುವ ಸದ್ದೂ ದೂರದಿಂದ ಬರುತ್ತಿತ್ತು. ಬೂತಿನ ಪುಟ್ಟ ಕಿಟಕಿಯಿಂದ ಹೊರಗೆ ನೋಡಿದಳು.

ಕನ್ನಡಿ ತನ್ನ ಸಾಮಾನನ್ನೆಲ್ಲ ಶೆಡ್ಡಿನ ನೆರಳಿನಿಂದ ಎತ್ತಿಕೊಂಡು ಹೋಗಿ ಕಾಂಪೌಂಡಿನ ಆ ತುದಿಯಲ್ಲಿ ಇಟ್ಟುಕೊಂಡಿದ್ದ. ಅಲ್ಲಿ ತಲೆಯ ಮೇಲೆ ಸೂರಿಲ್ಲ. ಬಿಸಿಲಿನಲ್ಲಿ ಪಾಲಿಶ್ ಬೇಗ ಒಣಗುವುದರಿಂದ ಒಂದು ಬಾಗಿಲಿಗೆ ಎರಡರಷ್ಟು ದುಡಿಯಬೇಕು. ಅಂಗಿ ಬೆನ್ನಿಗೆ ಅಂಟಿತ್ತು. ಯಾರೋ ಕೇಳಿದರು, "ಅಲ್ಯಾಕಯ್ಯಾ ಬೇಯ್ತಿದ್ದೀಯಾ? ಒಳಗೆ ಬಾ."

"ಗಾಳಿ ಈ ಕಡೆಯಿಂದ ಬೂತ್ ಕಡೆಗೆ ಬೀಸಲ್ಲ," ಎಂದ ಅವನು. "ಒಳಗೆ ಮಾಡಿದ್ರೆ ಪುಡಿ ಹೋಗುತ್ತೆ. ಅವರ ಕೆಲಸ ಮುಗಿಯೋವರೆಗೂ ಇಲ್ಲೇ."

ಅವಳು ಕಿಟಕಿಯಿಂದ ಸರಿದಳು. ಗನ್ ಹಿಡಿದಳು. ಆ ದಿನ ಮುಚ್ಚಳಗಳ ಮೇಲೆ ಕೂತ ಕಪ್ಪನ್ನು ಹಿರಿಯ ಪೇಂಟರು ಬಾಗಿಲಲ್ಲೇ ನಿಂತು ನೋಡಿದರು. ತಮ್ಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಬಾಯಿಂದ ಹೊಗಳಿಕೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಇದಕ್ಕಿಂತ ದೊಡ್ಡದು ಅವಳಿಗೆ ಬೇಕಿರಲೂ ಇಲ್ಲ.

*

ಶನಿವಾರ ಡಾಕ್ಟರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಕಾರನ್ನು ಹುಡುಗರು ಆಗಲೇ ಬಿಸಿಲಿಗೆ ತಂದು ನಿಲ್ಲಿಸಿದ್ದರು. ಅವರು ಕನ್ನಡಕ ತೆಗೆದರು. ಸುತ್ತ ಒಂದು ಸುತ್ತು ಬಂದರು. ಕಣ್ಣು ಕಿರಿದಾಗಲಿಲ್ಲ, ನೀರು ಬರಲಿಲ್ಲ. ಗ್ರಿಲ್ಲಿನ ಮೇಲೆ, ಪಟ್ಟಿಯ ಉದ್ದಕ್ಕೂ, ಮುಚ್ಚಳಗಳ ಮೇಲೆ ಬೆರಳಾಡಿಸಿದರು. ರೋಗಿಯ ನಾಡಿ ನೋಡಿದ ಕೈ, ಎಲ್ಲೂ ತಡವರಿಸಲಿಲ್ಲ.

"ಎಲ್ಲಿ ಕ್ರೋಮ್, ಎಲ್ಲಿ ಪ್ಲಾಸ್ಟಿಕ್, ಗೊತ್ತೇ ಆಗಲ್ವಲ್ಲ! ಕಂಪೆನಿಯಿಂದಲೇ ಹೀಗೆ ಬಂದ ಹಾಗಿದೆ. ಯಾರಮ್ಮಾ ಮಾಡಿದ್ದು?"

"ಬಣ್ಣ ನಂದು," ಎಂದಳು ಅವಳು ತಲೆಯೆತ್ತಿ. "ಕ್ರೋಮ್ ಉಜ್ಜಿ ಹದ ಮಾಡಿದ್ದು ಕನ್ನಡಿ. ಅಡಿಪಾಯ ಸರಿ ಇಲ್ಲದಿದ್ರೆ ಬಣ್ಣ ನಿಲ್ಲಲ್ಲ."

ಓನರ್ ಬೂತಿನ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಕೀಲಿ ಚಿಕ್ಕದು. ಆದರೂ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

ಅವಳು ಕಾಂಪೌಂಡಿನ ಆ ತುದಿಗೆ ನಡೆದಳು. ಎಲ್ಲರೂ ನೋಡುತ್ತಿದ್ದರು. ನೋಡಲಿ ಎಂದುಕೊಂಡಳು.

ಕನ್ನಡಿ ಯಂತ್ರ ನಿಲ್ಲಿಸಿದ. "ಕೇಳಿಸ್ತು. ಅಭಿನಂದನೆ."

"ಬೂತ್ ನನಗೆ ಸಿಕ್ಕಿತು. ಹದ ಮಾಡೋದಕ್ಕೆ ಒಬ್ಬರು ಬೇಕು. ನಿಮ್ಮಷ್ಟು ಸೂಕ್ಷ್ಮವಾದ ಕೈ ಇಲ್ಲಿ ಇನ್ಯಾರಿಗೂ ಇಲ್ಲ. ಬರ್ತೀರಾ?"

ಅವನು ಹಣೆಯ ಬೆವರು ಒರೆಸಿಕೊಂಡ. "ಇಲ್ಲ."

ಅವಳು ಈ ಉತ್ತರಕ್ಕೆ ಸಿದ್ಧಳಾಗಿರಲಿಲ್ಲ.

"ನಾನು ಹೊಳಪಿನವನು ರೀ. ನಿಮಗೋಸ್ಕರ ಒಂದು ಕಾರಿನ ಹೊಳಪು ಕೊಂದೆ. ದಿನಾ ಕೊಲ್ಲೋಕೆ ನನ್ನಿಂದಾಗಲ್ಲ. ಯಾರ ಕೈಕೆಳಗೂ ಇರಲ್ಲ, ನಿಮ್ಮ ಕೈಕೆಳಗಂತೂ ಇರಲ್ಲ."

ಅವನ ದನಿಯಲ್ಲಿ ಮುನಿಸಿರಲಿಲ್ಲ. ತನ್ನ ಕೆಲಸ ಬಲ್ಲವನ ಗತ್ತಿತ್ತು. ಅದನ್ನು ಕೇಳಿ ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ. ತನ್ನ ಸಮಕ್ಕೆ ನಿಲ್ಲುವವನೊಬ್ಬ ಎದುರಿಗಿದ್ದಾನೆ ಎಂಬ ಸಂತೋಷ.

"ಸರಿ," ಎಂದಳು. "ಕೈಕೆಳಗೆ ಬೇಡ. ಪಕ್ಕದಲ್ಲಿ?"

"ಬೂತಲ್ಲಿ ಇಬ್ಬರಿಗೆ ಜಾಗ ಎಲ್ಲಿದೆ?"

"ಬೂತಲ್ಲಲ್ಲ. ಮನೇಲಿ."

ಯಂತ್ರದ ವೈರು ಅವನ ಕೈಯಿಂದ ಜಾರಿ ಕೆಳಗೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ.

"ಇದು… ನೀವು ಕೇಳ್ತಿರೋದು…"

"ಹೌದು, ಅದೇ. ನೀವು ಕೇಳೋತನಕ ಕಾಯೋ ಜಾಯಮಾನ ನಂದಲ್ಲ. ಒಂದೇ ಸಲ ಕೇಳ್ತೀನಿ, ಎರಡನೇ ಸಲ ಕೇಳಲ್ಲ."

ಅವನು ಎದೆ ಸೆಟೆಸಿ ನಿಂತುಕೊಂಡ. ಬಿಸಿಲಿಗೋ ಇನ್ನೇನಕ್ಕೋ ಮುಖ ಕೆಂಪಾಗಿತ್ತು. "ನನಗೂ ಒಂದು ಮರ್ಯಾದೆ ಇದೆ ರೀ. ಕೇಳಿದ ತಕ್ಷಣ ಹೂಂ ಅನ್ನೋಕಾಗುತ್ತಾ? ಯೋಚನೆ ಮಾಡಿ ಹೇಳ್ತೀನಿ."

"ಮಾಡಿ," ಎಂದು ಅವಳು ತಿರುಗಿ ನಡೆದಳು. ಬೇಗವೂ ಅಲ್ಲ, ನಿಧಾನವೂ ಅಲ್ಲ.

ಅವಳು ಶೆಡ್ಡಿನ ನೆರಳನ್ನು ಮುಟ್ಟುವ ಮೊದಲೇ ಹಿಂದಿನಿಂದ, ಇಡೀ ವರ್ಕ್‌ಶಾಪಿಗೆ ಕೇಳುವಂತೆ, ಒಂದು ಕೂಗು ಬಂತು.

"ರೀ! ಯೋಚನೆ ಮಾಡಿ ಆಯ್ತು!"

ಅವಳು ತಕ್ಷಣ ತಿರುಗಲಿಲ್ಲ. ಮುಖದ ಮೇಲಿನ ನಗು ಅಷ್ಟು ದೊಡ್ಡದಾಗಿತ್ತು. ಅದನ್ನು ಸ್ವಲ್ಪವಾದರೂ ಚಿಕ್ಕದು ಮಾಡಿಕೊಂಡೇ ಅವನಿಗೆ ತೋರಿಸಬೇಕೆಂದು ಕಾದಳು. ಅದು ಚಿಕ್ಕದಾಗಲಿಲ್ಲ. ಇದ್ದಷ್ಟನ್ನೂ ಹೊತ್ತುಕೊಂಡೇ ತಿರುಗಿದಳು.