ಸಿಹಿನೀರಿನ ಕೆರೆಯ ಫೋಟೊ

ಸತ್ತ ಮೀನುಗಳ ಫೋಟೊ ಊರಿನ ವಾಟ್ಸಾಪ್ ಗುಂಪಿಗೆ ಬಂದದ್ದು ಸೋಮವಾರ ಬೆಳಿಗ್ಗೆ ಆರೂವರೆಗೆ. ಕೆಳಗೆ ಎರಡೇ ಸಾಲು— "ಟೀಚರ್ ಹೇಳಿದ್ದು ಖರೇ ಆತು. ಸಿಹಿನೀರಿನ ಕೆರಿಗೆ ಇಲಿಯಾಸ್ ವಿಷ ಹಾಕ್ಯಾನ."

ಏಳು ಗಂಟೆಯ ಹೊತ್ತಿಗೆ ಊರವರ ಹೊಡೆತಕ್ಕೆ ಮೀನು ಮಾರುವ ಇಲಿಯಾಸನ ತಲೆ ಒಡೆದಿತ್ತು. ಹಿಂದಿನ ಸಂಜೆ ಅವನು ಕೆರೆಯ ಏರಿ ಮೇಲೆ ಕೂತಿದ್ದನಂತೆ. ಊರಿಗೆ ಅಷ್ಟೇ ಸಾಕಾಯಿತು.

ಟೀಚರ್ ಅಂದರೆ ಮಹಾನಂದಾ. ವಾರದ ಹಿಂದೆ ಅದೇ ಗುಂಪಿನಲ್ಲಿ ಅವಳು ಬರೆದಿದ್ದಳು— ಕೆರೆಯ ನೀರು ವಾಸನೆ ಹೊಡೆಯುತ್ತಿದೆ, ಫಿಲ್ಟರ್ ತೊಳೆದು ಎರಡು ತಿಂಗಳಾದಂತಿದೆ. ಸುಳ್ಳು ಹಬ್ಬಿಸಿ ಬೆಂಕಿ ಹಚ್ಚಿದವಳು ಇವಳೇ ಎಂದು ಪಂಚಾಯಿತಿ ಅಧ್ಯಕ್ಷ ಈರಬಸಪ್ಪ ಈಗ ದೂರು ಕೊಟ್ಟಿದ್ದ. ಕೇಸಾದರೆ ನೌಕರಿಗೆ ಕುತ್ತು. ಆದರೆ ಎರಡು ರಾತ್ರಿ ಅವಳ ನಿದ್ದೆ ಕೆಡಿಸಿದ್ದು ನೌಕರಿಯ ಚಿಂತೆಯಲ್ಲ. ತಾನು ಬರೆಯದೇ ಇದ್ದಿದ್ದರೆ ಇಲಿಯಾಸ್ ಆಸ್ಪತ್ರೆ ಸೇರುತ್ತಿರಲಿಲ್ಲವೇ?

ಬುಧವಾರ ನವಲಗುಂದದಿಂದ ಎಎಸ್‌ಐ ಪಂಢರಿನಾಥ ಬಂದರು. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದ, ಮಾತು ಕಮ್ಮಿಯ ಮನುಷ್ಯ. ಮಹಾನಂದಾಳನ್ನೂ ಕರೆದುಕೊಂಡು ನೇರ ಕೆರೆಗೆ ನಡೆದರು. ಗೇಟಿನೊಳಗಿನ ತೊಟ್ಟಿಗೆ ಟ್ಯಾಂಕರ್ ನೀರು ತುಂಬಿಸುತ್ತಿದ್ದರು. ಹೊರಗೆ ಕೊಡಗಳ ಸಾಲು. ಸಾಲಿನಿಂದ ದೂರ, ಖಾಲಿ ಕೊಡ ಹಿಡಿದು ಇಲಿಯಾಸನ ತಾಯಿ ಜರೀನಾಬಿ ನಿಂತಿದ್ದಳು. ಮೂರು ದಿನದಿಂದ ಅವಳಿಗೆ ಯಾರೂ ಸರದಿ ಕೊಟ್ಟಿರಲಿಲ್ಲ.

ಎಎಸ್‌ಐ ಗೇಟಿನೊಳಗೆ ಕಾಲಿಡುವಷ್ಟರಲ್ಲಿ ಮುದುಕಿ ಸಣ್ಣವ್ವ ಅಡ್ಡ ಬಂದಳು.

"ಸಾಹೇಬ್ರ, ಬೂಟು ಹೊರಗ. ಕುಡಿಯೂ ನೀರದು."

"ಪೊಲೀಸರಿಗೂ ಮಾಫಿ ಇಲ್ಲೇನಬೇ?"

"ದೊಡ್ಡ ದೊಡ್ಡ ಆಫೀಸರ್ ಎಲ್ಲಾ ಬರಿಗಾಲಿಲೆ ಬಂದು ಹೋಗ್ಯಾರ."

ಪಂಢರಿನಾಥ ಬೂಟು ಬಿಚ್ಚಿ ಒಳಗೆ ಹೋದರು. ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತರು. ಮೊಬೈಲ್ ತೆಗೆದು ನೋಡಿ ವಾಪಸ್ ಬಂದರು.

ವಿಚಾರಣೆ ನಡೆದದ್ದು ಪಂಚಾಯಿತಿ ಕಟ್ಟಡದಲ್ಲಿ.

"ಫೋಟೊ ಹಾಕಿದವರು ಯಾರು?"

ಕೆರೆಯ ವಾಟರ್‌ಮನ್ ಪ್ರಭು ಎದ್ದು ನಿಂತ. "ನಾನರಿ. ಮುಚ್ಚಿಡೂದೇನೈತಿ? ಆರಕ್ಕ ಗೇಟಿನ ಕೀಲಿ ತೆಗದೆ. ಮೆಟ್ಟಿಲ ಬಾಜೂಕ ಮೀನು ಸತ್ತು ಬಿದ್ದಿದ್ವು. ಫೋಟೊ ಹೊಡದೆ, ಮೀನೆಲ್ಲ ಬುಟ್ಟಿಗೆ ತುಂಬಿ ಹುಗದೆ."

"ಇಲಿಯಾಸನ ಹೆಸರು?"

"ಸಂಶಯ ಬಂತು, ಹೇಳೀನಿ. ಹೇಳಾಕ ನನಗ ಹಕ್ಕಿಲ್ಲೇನ್ರಿ? ಟೀಚರ್ ಅವರೂ ಹೇಳ್ಯಾರಲ್ಲ."

ಮಹಾನಂದಾ ತಲೆ ತಗ್ಗಿಸಿದಳು. ಇವನದೂ ಮಾತು, ತನ್ನದೂ ಮಾತು. ನಡುವೆ ಗೆರೆ ಎಲ್ಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

"ಟೀಚರ್, ನಿಮಗ ವಾಸನಿ ಹೆಂಗ ಗೊತ್ತಾತು?"

"ನಳದ ನೀರು ಮೂಸಿ ನೋಡೀನ್ರಿ. ಎಂಟು ಮಕ್ಕಳು ಹೊಟ್ಟಿನೋವಂತ ಸಾಲಿ ಬಿಟ್ಟಿದ್ರು. ಫಿಲ್ಟರ್ ಮಾತು ಮಾತ್ರ ನನ್ನ ಅಂದಾಜು. ಅಂದಾಜಂತ ತಿಳಿಯೂಹಂಗ ಬರದೀನಿ."

"ಅಂದಾಜು ತಪ್ಪಿದ್ದರ?"

"ಅದ ಗುಂಪಿನ್ಯಾಗ ತಪ್ಪಾತಂತ ಬರೀತೀನ್ರಿ."

ಪಂಢರಿನಾಥ ಪ್ರಭುವಿನತ್ತ ತಿರುಗಿದರು. "ಪ್ರಭು, ಅವತ್ತು ಗಡಿಬಿಡಿಯೊಳಗ ಚಪ್ಪಲಿ ಮೆಟ್ಟಿಕೊಂಡ ಕೆರಿಗೆ ಇಳದಿ ಏನು?"

ಪ್ರಭುವಿನ ಮುಖ ಕೆಂಪಾಯಿತು. "ಏನು ಮಾತಂತ ಆಡ್ತೀರಿ? ಹನ್ನೊಂದು ವರ್ಷ ಆ ಕೆರಿ ಕಾದೀನಿ. ಒಂದು ದಿನ ಚಪ್ಪಲಿ ಹಾಕ್ಕೊಂಡು ಒಳಗ ಕಾಲಿಟ್ಟಿಲ್ಲ."

"ನಿನ್ನ ಬಿಟ್ಟು ಬ್ಯಾರೆ ಯಾರರ ಒಳಗಿದ್ರು?"

"ಒಬ್ರೂ ಇಲ್ರಿ."

ಎಎಸ್‌ಐ ಮೊಬೈಲನ್ನು ಮಹಾನಂದಾಳ ಮುಂದೆ ಹಿಡಿದರು. "ಮೀನು ಬಿಡ್ರಿ. ಎಡಗಡೆ, ಕೆಳಗಿನ ಮೂಲಿ ನೋಡ್ರಿ."

ನೂರು ಸಲ ಆ ಫೋಟೊ ದೊಡ್ಡದು ಮಾಡಿ ನೋಡಿದ್ದಳು, ಬರೀ ಮೀನುಗಳನ್ನು. ಮೂಲೆಯಲ್ಲಿ ನೀಲಿ ಹವಾಯಿ ಚಪ್ಪಲಿಯ ತುದಿಯಿತ್ತು. ಅದರೊಳಗೆ ಹೆಬ್ಬೆರಳು.

"ಇದು ಯಾರ ಕಾಲು, ಪ್ರಭು?"

ಪ್ರಭು ಕುರ್ಚಿ ಹಿಡಿದುಕೊಂಡ.

"ನಾ ಹೇಳತೀನಿ. ಇದು ಸಿಹಿನೀರಿನ ಕೆರಿ ಅಲ್ಲ, ಊರಾಚಿ ದನದ ಕೆರಿ. ಬ್ಯಾಸಗಿಗೆ ನೀರು ಬತ್ತಿ ಅಲ್ಲಿ ವರ್ಷಾ ಮೀನು ಸಾಯ್ತಾವ. ಅಲ್ಲಿ ಯಾರೂ ಚಪ್ಪಲಿ ಬಿಚ್ಚೂದಿಲ್ಲ, ನಿನಗೂ ಬಿಚ್ಚಬೇಕಂತ ಹೊಳೀಲಿಲ್ಲ. ಸೋಮವಾರ ಪರೀಕ್ಷೆಗೆ ಒಯ್ದ ಸಿಹಿನೀರಿನ ವರದಿ ಇವತ್ತು ಮುಂಜಾನೆ ಬಂತು— ವಿಷ ಇಲ್ಲ, ಹೊಲಸೈತಿ. ಎರಡು ತಿಂಗಳ ನೀ ಫಿಲ್ಟರ್ ತೊಳದಿಲ್ಲ. ಟೀಚರ್ ಬರದದ್ದು ಮುಚ್ಚಾಕ ನಿನಗ ವಿಷ ಬೇಕಾತು, ವಿಷಕ್ಕೊಂದು ಹೆಸರು ಬೇಕಾತು."

ಚಪ್ಪಲಿ ಹಾಕಿದ್ದೆ ಅಂದಿದ್ದರೆ ಪ್ರಭು ಆ ಹೊತ್ತಿಗಾದರೂ ಪಾರಾಗುತ್ತಿದ್ದ. ಒಬ್ಬನ ತಲೆ ಒಡೆಸಲು ಹೇಸದ ಬಾಯಿ ಆ ಒಂದು ಮಾತಿಗೆ ಹೇಸಿತು.

"ಹಂಗಾರ ಟೀಚರ್ ಮ್ಯಾಲಿನ ದೂರು?" ಈರಬಸಪ್ಪ ಮೆಲ್ಲಗೆ ಕೇಳಿದ.

"ಆಕಿ ಕಂಡದ್ದು ಬರದಾಳ. ತಪ್ಪಿದ್ದರೂ ಅದು ಬರೀ ತಪ್ಪಾಗತಿತ್ತು. ಇಂವ ಕಾಣದ್ದನ್ನ ಕಂಡೀನಂತ, ಸುಳ್ಳಂತ ಗೊತ್ತಿದ್ದೂ ಹೇಳ್ಯಾನ. ದೂರು ವಾಪಸ್ ತಗೋರಿ, ಮೊದಲ ಫಿಲ್ಟರ್ ತೊಳಸ್ರಿ."

"ಸರ್, ನಾ ಬರದದ್ದು ತೆಗೀಬೇಕೇನ್ರಿ?" ಮಹಾನಂದಾ ಕೇಳಿದಳು.

"ಯಾಕ? ನೀರಿನ ವಾಸನಿ ಹೋಗೇತೇನು?"

ಅವಳು ಅಲ್ಲಿಂದ ನೇರ ಕೆರೆಗೆ ಬಂದಳು. ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಸಾಲು ತಾನಾಗಿ ಸರಿದು ಜರೀನಾಬಿಗೆ ದಾರಿ ಬಿಟ್ಟಿತು. ತಪ್ಪಾಯಿತು ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಮಹಾನಂದಾಳಿಗೆ ಅಳು ಬಂತು, ಸಿಟ್ಟೂ ಬಂತು.

"ಬರ್ರಿ, ಕೊಡ ನಾ ಹಿಡೀತೀನಿ."

ಜರೀನಾಬಿ ಯಾರ ಮುಖವನ್ನೂ ನೋಡದೆ ನಡೆದು ಬಂದಳು. ಗೇಟಿನ ಹತ್ತಿರ ನಿಂತು, ಬಗ್ಗಿ, ತನ್ನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು.