ಆಟೀನ್ ಮನೆಯವರು

ಮೂವತ್ತೊಂದು ವರ್ಷದ ಸ್ನೇಹ ಇಸ್ಪೀಟಿನ ಒಂದು ಎರಡಿನ ಎಲೆಗೆ ಮುರಿದುಬಿತ್ತು ಅಂದರೆ ನಂಬುವವರು ಯಾರು? ಆದರೆ ಆಗಿದ್ದು ಹಾಗೆಯೇ. ಕಳೆದ ವರ್ಷ ಶ್ರಾವಣದ ಮೊದಲ ಭಾನುವಾರ, ವಿದ್ಯಾರಣ್ಯಪುರದ ಬ್ರಿಡ್ಜ್ ಕ್ಲಬ್ಬಿನಲ್ಲಿ ವೇಣುಗೋಪಾಲ್ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬ್ರಿಡ್ಜ್‌ನಲ್ಲಿ ಆಟ ಹಿಡಿದವನ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರಬೇಕು. ಆಡುವವನು ಹೆಸರು ಕೂಗಿದ ಎಲೆಯನ್ನು ಎತ್ತಿ ಹಾಕುವುದಷ್ಟೇ ಅವನ ಕೆಲಸ. ಅವನ ಜೊತೆಗಾರ ಮುನಿಗಂಗಪ್ಪ ಬಿಚ್ಚಿಟ್ಟ ಎಲೆಗಳಲ್ಲಿ ಆಟೀನ್ ರಾಣಿ ಕಣ್ಣಿಗೆ ಹೊಡೆಯುವ ಹಾಗೆ ಕೂತಿದ್ದಳು. ಅವಳನ್ನು ಕೂಗಿದರೆ ಆಟ ಅವರದು. ವೇಣು ಅವಳನ್ನೇ ನೋಡಿದ. ಬಾಯಿ ತೆರೆದ, ಮುಚ್ಚಿದ. ಕೊನೆಗೆ "ಎರಡು ಹಾಕು" ಅಂದ. ಆಟ ಹೋಯಿತು.

ಮುನಿಗಂಗಪ್ಪನಿಗೆ ನೆತ್ತಿಗೇರಿತು. "ರಾಣಿ ಎದುರಿಗೆ ಕುಂತವ್ಳೆ, ಎರಡು ಕೇಳ್ತೀಯಲ್ಲೋ! ಬಾಯಿ ಬಿಟ್ಟು ಕೂಗಕ್ಕೆ ಏನ್ಲಾ ದಾಡಿ ನಿಂಗೆ? ತಲೆ ಮನೇಲಿ ಇಟ್ಟು ಬಂದಿದ್ಯಾ?"

ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ವೇಣು ಕನ್ನಡಕ ತೆಗೆದು ಒರೆಸಿಕೊಂಡ. ಅವನ ಹೆಂಡತಿ ತೀರಿಕೊಂಡು ಆಗ ತಿಂಗಳಾಗಿತ್ತು, ನಿಜ. ಆದರೆ ದುಃಖ ಇದ್ದವನು ಮನೆಯಲ್ಲಿರಬೇಕು, ಆಟಕ್ಕೆ ಕೂತವನು ಆಟ ಆಡಬೇಕು. ಇದು ಮುನಿಗಂಗಪ್ಪನ ನ್ಯಾಯ.

ಎರಡು ವಾರ ವೇಣು ಬರಲಿಲ್ಲ. ಮೂರನೇ ವಾರ ಬಂದ, ಆರ್.ಟಿ. ನಗರದ ನಿವೃತ್ತ ಗಣಿತದ ಮೇಡಂ ಅತೀಯಾ ಅವರ ಜೊತೆಗಾರನಾಗಿ. "ಸ್ವಲ್ಪ ದಿನ ಇವರ ಜೊತೆ ಆಡ್ತೀನಿ ಕಣೋ ಗಂಗಣ್ಣ" ಅಂದ, ನೆಲ ನೋಡುತ್ತ. ಆ ಸ್ವಲ್ಪ ದಿನಕ್ಕೆ ಈಗ ವರ್ಷ ತುಂಬಿತ್ತು.

ಮುನಿಗಂಗಪ್ಪ ಕ್ಲಬ್ಬು ಬಿಡಲಿಲ್ಲ. ಬಿಟ್ಟರೆ ಸೋತ ಹಾಗೆ. ಆದರೆ ಆ ಮುಖ ನೋಡಬಾರದೆಂದು ಒಂದು ಉಪಾಯ ಮಾಡಿಕೊಂಡ. ಉತ್ತರ ದಕ್ಷಿಣಕ್ಕೆ ಕೂತವರು ಕೂತಲ್ಲೇ ಇರುತ್ತಾರೆ, ಪೂರ್ವ ಪಶ್ಚಿಮದವರು ಮೇಜಿನಿಂದ ಮೇಜಿಗೆ ಹೋಗುತ್ತಾರೆ. ಒಂದೇ ದಿಕ್ಕಿನ ಜೋಡಿಗಳು ಎಂದೂ ಎದುರುಬದುರಾಗುವುದಿಲ್ಲ. ವೇಣು ಮಂಡಿನೋವಿನಿಂದ ಯಾವಾಗಲೂ ಉತ್ತರಕ್ಕೆ ಕೂರುತ್ತಿದ್ದ. ಹಾಗಾಗಿ ಮುನಿಗಂಗಪ್ಪನೂ ಉತ್ತರವನ್ನೇ ಹಿಡಿದ, ಹಾಲಿನ ಆ ತುದಿಯ ಮೇಜಿನಲ್ಲಿ. ಮಿಕ್ಕವರು ವಾರಕ್ಕೊಂದು ದಿಕ್ಕು ಬದಲಿಸುತ್ತಿದ್ದರು, ಇವನು ಬದಲಿಸಲಿಲ್ಲ. ಇವನ ಬೈಗುಳಕ್ಕೆ ಹೆದರಿ ಜೊತೆಗಾರರೇ ವಾರಕ್ಕೊಬ್ಬರು ಬದಲಾಗುತ್ತಿದ್ದರು.

"ಅವರ ಮನೆಗೆ ಹೋಗಿ ಒಂದ್ ಮಾತಾಡ್ಕೊಂಡ್ ಬರಬಾರದಾ?" ಎಂದು ಹೆಂಡತಿ ದ್ರೌಪದಮ್ಮ ಎಷ್ಟೋ ಸಲ ಹೇಳಿದಳು. "ಅಟ್ಟೂರಿಂದ ಜಾಲಹಳ್ಳಿ ಏನು ಕಾಶಿನಾ?"

"ಎರಡು ಹಾಕಿದವನು ಅವನು. ಬರೋನು ಅವನು" ಅಂದ ಮುನಿಗಂಗಪ್ಪ.

ಇಬ್ಬರೂ ತಂತಮ್ಮ ಊರ ಶಾಲೆಯಲ್ಲಿ ಓದಿ, ಜಾಲಹಳ್ಳಿಯ ಕಾರ್ಖಾನೆಗೆ ಒಂದೇ ವಾರ ಸೇರಿದವರು. ಮರದ ಕೆಳಗೆ ರಮ್ಮಿ ಆಡುತ್ತಿದ್ದ ಇವರನ್ನು ಒಬ್ಬ ಆಫೀಸರ್ ಆಟಕ್ಕೆ ಜನ ಸಾಲದೆ ಬ್ರಿಡ್ಜ್‌ಗೆ ಎಳೆದುಕೊಂಡು ಹೋದ. ಆರು ತಿಂಗಳಿಗೆ ಆಫೀಸರನನ್ನೇ ಸೋಲಿಸಿದರು. ಆಮೇಲೆ ಬದುಕೆಲ್ಲ ಅದೇ. ಶಿಫ್ಟ್ ಮುಗಿಸಿ ಬಸ್ಸು ಹತ್ತಿದರೆ ಹಿಂದಿನ ದಿನದ ಆಟದ ಜಗಳ. ಒಮ್ಮೆ ಹಾಗೆ ಜಗಳವಾಡುತ್ತ ಇಳಿಯುವ ಜಾಗ ಮರೆತು ಯಶವಂತಪುರ ದಾಟಿ ಮೆಜೆಸ್ಟಿಕ್ ತಲುಪಿದ್ದರು. ಇಳಿದಾಗ ಇಬ್ಬರ ಜೇಬಿನಲ್ಲೂ ಟೀಗಷ್ಟೇ ಕಾಸು. ಟೀ ಕುಡಿದು, ಜಗಳ ಮುಂದುವರಿಸುತ್ತ ನಡೆದೇ ಬಂದರು. ಅಷ್ಟು ಸುಖದ ಮಧ್ಯಾಹ್ನ ಮುನಿಗಂಗಪ್ಪನ ಜೀವಮಾನದಲ್ಲಿ ಮತ್ತೊಂದಿಲ್ಲ.

ಎಲೆಗಳಿಗೆ ಇವರು ಊರಲ್ಲಿ ಕರೆಯುವ ಹೆಸರನ್ನೇ ಉಳಿಸಿಕೊಂಡರು. ಎಕ್ಕ, ರಾಜ, ಗುಲಾಮ. ರಾಣಿಯ ಹತ್ತಿರ ಮಾತ್ರ ವೇಣು ತಡವರಿಸುತ್ತಿದ್ದ, ಏಕೆಂದರೆ ಅವನ ಹೆಂಡತಿಯ ಹೆಸರೇ ರಾಣಿ. "ಹೆಂಡ್ತಿ ಹೆಸರನ್ನ ನಾಲ್ಕು ಜನದ ಮುಂದೆ ಎಲೆ ಥರ ಬಿಸಾಕಕ್ಕಾಗಲ್ಲ ಕಣೋ" ಎಂದು ಮದುವೆಯಾದ ವಾರವೇ ಹೇಳಿದ್ದ. ಅಂದಿನಿಂದ ರಾಣಿ ಎಲೆ ಅವನ ಬಾಯಲ್ಲಿ "ಮನೆಯವರು". "ಆಟೀನ್ ಮನೆಯವರು ಬರಲಿ" ಎಂದು ಅವನು ಕೂಗಿದರೆ ಇಡೀ ಕ್ಲಬ್ಬು ನಗುತ್ತಿತ್ತು. ಮೂವತ್ತು ವರ್ಷ ನಗುತ್ತಲೇ ಇತ್ತು. ಆಡಿದ ಎಲೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗಲೂ ಅಷ್ಟೇ. ಎಕ್ಕಕ್ಕೆ ಎ, ರಾಜನಿಗೆ ರಾ, ಗುಲಾಮನಿಗೆ ಗು, ರಾಣಿಗೆ ಒಂದು ದುಂಡನೆಯ ಮ. ಇವರು ಆಟ ಮುಗಿಸಿ ವೇಣುವಿನ ಮನೆಗೆ ಹೋದರೆ ಅವನ ಹೆಂಡತಿ ಕೋಡುಬಳೆ ತಟ್ಟೆ ಮುಂದಿಟ್ಟು ಕೇಳುತ್ತಿದ್ದಳು: "ಇವತ್ತು ನನ್ನ ಎಷ್ಟ್ ಸಲ ಮೇಜಿನ ಮೇಲೆ ಒಗೆದ್ರಿ?"

ವರ್ಷದ ದೊಡ್ಡ ಪಂದ್ಯ ಹತ್ತಿರ ಬಂತು. ಹದಿನಾಲ್ಕು ಸಲ ಇವರಿಬ್ಬರೇ ಜೋಡಿಯಾಗಿ ಆಡಿದ ಪಂದ್ಯ. ಫಲಕದಲ್ಲಿ ಈ ಸಲ "ವೇಣುಗೋಪಾಲ್ – ಅತೀಯಾ" ಎಂದು ಬರೆದದ್ದನ್ನು ಮುನಿಗಂಗಪ್ಪ ಎರಡು ಸಲ ಓದಿದ. ಅಂದೇ ಯೋಚನೆ ಹುಟ್ಟಿತು.

ಅವನಿಗೆ ವೇಣುವಿನ ಪ್ರಾಣ ಬೇಡ, ದುಡ್ಡೂ ಬೇಡ. ವೇಣುವೇ ಬೇಕಿತ್ತು. ಮೋಸಗಾರ ಎಂದು ಹೆಸರು ಬಿದ್ದವನ ಜೊತೆ ಬ್ರಿಡ್ಜ್‌ನಲ್ಲಿ ಯಾರೂ ಕೂರುವುದಿಲ್ಲ. ಅತೀಯಾ ಮೇಡಂ ಮೊದಲು ಏಳುತ್ತಾರೆ. ಎಲ್ಲರೂ ಕೈಬಿಟ್ಟ ಹೊತ್ತಿಗೆ ತಾನೊಬ್ಬ ಹೋಗಿ ಹೆಗಲ ಮೇಲೆ ಕೈ ಹಾಕುತ್ತಾನೆ. ಆಮೇಲೆ ವೇಣು ಎಲ್ಲಿಗೆ ಹೋಗುತ್ತಾನೆ? ಕ್ಲಬ್ಬು ಬಿಡಿಸಿದರೆ ಬಿಡಿಸಲಿ. ತನ್ನ ಮನೆಯ ಜಗಲಿಯಿದೆ, ಒಂದು ಜೊತೆ ಎಲೆಯಿದೆ.

ಪಂದ್ಯದಲ್ಲಿ ಎಲೆಗಳನ್ನು ಹಿಂದಿನ ದಿನವೇ ಹಂಚಿ, ನಾಲ್ಕು ಕಿಸೆಯ ಪ್ಲಾಸ್ಟಿಕ್ ಹಲಗೆಗಳಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕುತ್ತಾರೆ. ಅವೇ ಎಲೆಗಳು ಎಲ್ಲ ಮೇಜಿಗೂ ಸುತ್ತುತ್ತವೆ. ಯಾರ ಕೈಯಲ್ಲಿ ಏನು ಬರುತ್ತದೆಂದು ಮೊದಲೇ ಗೊತ್ತಿದ್ದವನನ್ನು ಸೋಲಿಸುವವರಿಲ್ಲ. ಬೀರುವಿಗೆ ಎರಡು ಬೀಗದ ಕೈ. ಒಂದು ಪಂದ್ಯ ನಡೆಸುವ ಅಶ್ವತ್ಥ್ ಬಳಿ, ಇನ್ನೊಂದು ಕಾರ್ಯದರ್ಶಿ ವೇಣುವಿನ ಬಳಿ. ಮೂರನೆಯದೊಂದಿದೆ ಎಂಬುದು ಯಾರಿಗೂ ನೆನಪಿಲ್ಲ. ಎಂಟು ವರ್ಷದ ಹಿಂದೆ ವೇಣು ತನ್ನದನ್ನು ಕಳೆದುಕೊಂಡು ಪೇಚಾಡಿದಾಗ, ಯಶವಂತಪುರ ಮಾರ್ಕೆಟ್ಟಿನ ಜಮೀರ್ ಹತ್ತಿರ ಮುನಿಗಂಗಪ್ಪನೇ ಮಾಡಿಸಿ ತಂದದ್ದು. ಕಳೆದದ್ದು ಮರುದಿನ ಸಿಕ್ಕಿತು. ಮಾಡಿಸಿದ್ದು ಇವನ ಗೋಡೆಯ ಮೊಳೆಯಲ್ಲೇ ಉಳಿಯಿತು.

ಶನಿವಾರ ಮಧ್ಯಾಹ್ನ ಕ್ಲಬ್ಬಿನ ಕೆಳಗಿನ ಹಾಲಿನಲ್ಲಿ ಯಾರದೋ ಸೀಮಂತ. ಗಲಾಟೆಯಲ್ಲಿ ಮೆಟ್ಟಿಲು ಹತ್ತಿದ ಮುನಿಗಂಗಪ್ಪನನ್ನು ಕೇಳುವವರಿರಲಿಲ್ಲ. ನಾಲ್ಕು ಹಲಗೆಗಳ ಎಲೆ ನೋಡಿ ಗುರುತು ಹಾಕಿಕೊಂಡ, ಇದ್ದ ಹಾಗೇ ಇಟ್ಟು ಬೀಗ ಹಾಕಿದ. ಹತ್ತು ನಿಮಿಷದ ಕೆಲಸ.

ಉಳಿದದ್ದು ಬರವಣಿಗೆ. ಅದು ಅವನಿಗೆ ನೀರು ಕುಡಿದಷ್ಟು ಸುಲಭ. ವೇಣು ತಡವಾಗಿ ಬಂದ ದಿನಗಳಲ್ಲಿ ಶಿಫ್ಟ್ ಪುಸ್ತಕದಲ್ಲಿ ಅವನ ಹೆಸರು ಬರೆದು ಸಹಿ ಹಾಕುತ್ತಿದ್ದವನು ಇವನೇ. ಒಮ್ಮೆ ವೇಣುವಿಗೇ ತನ್ನದು ಯಾವುದು, ಇವನದು ಯಾವುದು ತಿಳಿದಿರಲಿಲ್ಲ. ಸ್ನೇಹಕ್ಕೆಂದು ಕಲಿತ ವಿದ್ಯೆ. ಎಡಕ್ಕೆ ವಾಲುವ ಸಾಲು, ಬಾಲ ಉದ್ದವಾದ ಗು, ಗೀಟು ಹಾಕದ ಏಳು. ಕೊನೆಗೆ, ರಾಣಿ ಬಂದ ಕಡೆಯಲ್ಲೆಲ್ಲ, ಆ ದುಂಡನೆಯ ಮ. ಅದನ್ನು ಬರೆಯುವಾಗ ಅವನಿಗೆ ತನ್ನ ಬುದ್ಧಿಯ ಮೇಲೆ ತನಗೇ ಮೆಚ್ಚುಗೆಯಾಯಿತು. ಅಕ್ಷರ ಯಾರಾದರೂ ಕದಿಯಬಹುದು, ಈ ಮ ಕದಿಯುವವರು ಯಾರು? ಇದು ವೇಣು ತಾನೇ ಒತ್ತಿದ ಮುದ್ರೆಯ ಹಾಗೆ. ಹದಿನಾರು ಮ ಬರೆದ. ಹದಿನಾರನೆಯದನ್ನು ಬರೆಯುವಾಗ ಯಾಕೋ ಕೋಡುಬಳೆಯ ತಟ್ಟೆ ನೆನಪಾಗಿ ಕೈ ಒಂದು ಕ್ಷಣ ನಿಂತಿತು. ನಿಂತು, ಬರೆಯಿತು.

ಭಾನುವಾರ ಬೆಳಿಗ್ಗೆ ಟೀ ಹೊತ್ತಿನಲ್ಲಿ ವೇಣುವಿನ ಕನ್ನಡಕದ ಡಬ್ಬಿ ಎಂದಿನಂತೆ ಕಿಟಕಿಯ ಮೇಲಿತ್ತು. ದೊಡ್ಡ ಆಟ ಕೈಗೆ ಬಂದಾಗ ಕನ್ನಡಕ ಒರೆಸಿಕೊಂಡೇ ಮೊದಲ ಎಲೆ ಕೂಗುವುದು ಅವನ ಅಭ್ಯಾಸ. ಒರೆಸುವ ಬಟ್ಟೆಯ ಮಡಿಕೆಯೊಳಗೆ ಚೀಟಿ ಕೂತಿತು. ಮುನಿಗಂಗಪ್ಪ ಟೀ ಲೋಟ ಹಿಡಿದು ತನ್ನ ಮೇಜಿಗೆ ಹೋದ.

ಮೂರನೇ ಸುತ್ತಿನಲ್ಲಿ ವೇಣು ಬಟ್ಟೆ ಬಿಡಿಸಿದ. ಚೀಟಿ ಮೇಜಿನ ಮೇಲೆ ಬಿತ್ತು. ಎದುರಾಳಿಯಾಗಿ ಕೂತಿದ್ದವರು ಬ್ಯಾಂಕಿನಲ್ಲಿ ದುಡಿದ ಧನಲಕ್ಷ್ಮಿ. ಕಂಡದ್ದನ್ನು ನುಂಗಿಕೊಳ್ಳುವವರಲ್ಲ.

"ಅಶ್ವತ್ಥ್, ಇಲ್ಲಿ ಬನ್ನಿ! ಇದು ಇವತ್ತಿನ ಎಲೆಗಳೇ ಅಲ್ವಾ?"

ಆಟ ನಿಂತಿತು. ಎಲ್ಲರೂ ಸುತ್ತ ಸೇರಿದರು. ಅಶ್ವತ್ಥ್ ಚೀಟಿಯನ್ನು ಹಲಗೆಗಳ ಜೊತೆ ಹೋಲಿಸಿ ನೋಡಿದ. ಒಂದೂ ತಪ್ಪಿಲ್ಲ. "ಎ ಅಂದ್ರೆ ಎಕ್ಕ, ರಾ ರಾಜ, ಗು ಗುಲಾಮ..." ಅವನ ದನಿ ಇಳಿಯಿತು. "ಮ ಅಂದ್ರೆ... ಮನೆಯವರು. ವೇಣು ಸರ್, ಇದು ನಿಮ್ಮ ಕೈಬರಹ ಅಲ್ವಾ?"

ವೇಣು ಚೀಟಿಯನ್ನು ಕೈಗೆ ತೆಗೆದುಕೊಂಡ. ಓದಿದ. ಆ ಮ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಕೂತುಬಿಟ್ಟ. ಅರವತ್ತೆರಡರ ಆ ಮುಖ ಅಷ್ಟು ಒಂಟಿಯಾಗಿ ಕಂಡದ್ದನ್ನು ಮುನಿಗಂಗಪ್ಪ ಹಿಂದೆ ನೋಡಿರಲಿಲ್ಲ. ಆದರೆ ಇದೇ ಸಮಯ. ವಾರದಿಂದ ಬಾಯಿಪಾಠ ಮಾಡಿದ ಮಾತು ನಾಲಿಗೆ ತುದಿಯಲ್ಲಿತ್ತು. ಅವನು ಜನರನ್ನು ಸರಿಸಿಕೊಂಡು ಹೋಗಿ ವೇಣುವಿನ ಹೆಗಲ ಮೇಲೆ ಕೈ ಹಾಕಿದ.

"ಮನುಸ ಅಂದ್ಮೇಲೆ ತಪ್ಪು ಮಾಡ್ತಾನೆ, ಬುಡಿ. ಇಂಗೆ ಸುತ್ತ ನಿಂತ್ಕಂಡು ನೋಡ್ಬ್ಯಾಡಿ. ಯಾರು ಇವನ ಜೊತೆ ಕೂರದಿದ್ರೂ ನಾನು ಕೂರ್ತೀನಿ. ಮೂವತ್ತೊಂದು ವರ್ಸ ಕೂತಿಲ್ವಾ?" ಕಣ್ಣಲ್ಲಿ ನೀರು ಬಂತು. ಆ ನೀರು ಮಾತ್ರ ಬಾಯಿಪಾಠದ್ದಲ್ಲ.

"ಒಂದ್ ನಿಮಿಷ" ಅಂದರು ಅತೀಯಾ ಮೇಡಂ. ವೇಣುವಿನ ಬರೆದುಕೊಳ್ಳುವ ಪುಸ್ತಕ ಎತ್ತಿ ಅಶ್ವತ್ಥ್ ಮುಂದೆ ಹಿಡಿದು, ಒಂದೊಂದೇ ಹಾಳೆ ತಿರುಗಿಸಿದರು. ಇಡೀ ವರ್ಷದ ಆಟಗಳು. ಎ ಇತ್ತು, ರಾ ಇತ್ತು, ಗು ಇತ್ತು. ಮ ಎಲ್ಲೂ ಇರಲಿಲ್ಲ. ಅದಿರಬೇಕಾದ ಕಡೆಯಲ್ಲೆಲ್ಲ ಎರಡಕ್ಷರ, ಪೂರ್ತಿಯಾಗಿ: ರಾಣಿ. "ಹೌದಲ್ಲ, ಇದರ ಹಿಂದಿನ ಆಟದಲ್ಲೂ ರಾಣಿ ಅಂತಲೇ ಕೂಗಿದ್ರು" ಅಂದರು ಧನಲಕ್ಷ್ಮಿ, "ಒಂದು ವರ್ಷದಿಂದ ಹಾಗೇ ಅಲ್ವಾ ಕೂಗೋದು?" ಸುತ್ತ ನಿಂತವರು ತಲೆಯಾಡಿಸಿದರು. ಅವರೆಲ್ಲರೂ ಒಂದಲ್ಲ ಒಂದು ಭಾನುವಾರ ವೇಣುವಿನ ಎದುರು ಕೂತು ಅದನ್ನು ಕೇಳಿದವರು. ಒಬ್ಬೊಬ್ಬರಾಗಿ ಅವರ ಕಣ್ಣು ಹಾಲಿನ ಆ ತುದಿಯ ಉತ್ತರದ ಕುರ್ಚಿಯ ಕಡೆ ಹೋಗಿ, ಅಲ್ಲಿಂದ ಮುನಿಗಂಗಪ್ಪನ ಮುಖಕ್ಕೆ ಬಂದು ನಿಂತವು. ವೇಣು ತನ್ನ ಹೆಗಲ ಮೇಲಿದ್ದ ಕೈಯನ್ನು ಕೊಡವಲಿಲ್ಲ. ಮೆಲ್ಲಗೆ ಎತ್ತಿ ಮೇಜಿನ ಮೇಲೆ, ಬಿಚ್ಚಿಟ್ಟ ಎಲೆಗಳ ಪಕ್ಕ ಇಟ್ಟ. "ಅವಳಿದ್ದಷ್ಟು ದಿನ ನಾಲ್ಕು ಜನದ ಮುಂದೆ ಹೆಸರು ಹಿಡಿದು ಕರೀಲಿಲ್ಲ ಕಣೋ ಗಂಗಣ್ಣ" ಅಂದ. "ಹೋದ ಮೇಲೆ ಪ್ರತಿ ಭಾನುವಾರ ಕರೀತಿದ್ದೀನಿ. ಈ ಕ್ಲಬ್ಬಲ್ಲಿ ನೀನೊಬ್ಬನೇ ಕೇಳಿಸ್ಕೊಂಡಿಲ್ಲ."