ಮಂಚದ ಕೆಳಗಿನ ಮಣ್ಣು

"ಆ ಪೆಟ್ಟಿಗೆ ಕೆಳಗಿಡು."

ಬೆನ್ನ ಹಿಂದಿನಿಂದ ಬಂದ ದನಿಗೆ ಒಲಿಂದಾ ಬೆಚ್ಚಿಬಿದ್ದಳು. ಕಾಯಿಲೆಯ ದೊರೆಯನ್ನು ನೋಡಿಕೊಳ್ಳಲು ಪೋರ್ಚುಗಲ್‌ನ ಎಸ್ತೊರಿಲ್ ಊರಿನ ಆ ಬಂಗಲೆಗೆ ಅವಳು ಬಂದ ಮೊದಲ ದಿನ ಅದು. ಮಂಚದ ಕೆಳಗೆ ಸಿಕ್ಕ ಪೆಟ್ಟಿಗೆಯ ಮಣ್ಣನ್ನು ಹೊರಗೆ ಸುರಿಯಲು ಹೊರಟಿದ್ದಳು.

"ಬೆಕ್ಕಿನ ಗಲೀಜಿಗೆ ಇಟ್ಟಿದ್ದಾರೇನೋ ಅಂದ್ಕೊಂಡೆ..."

ಬಾಗಿಲಲ್ಲಿದ್ದ ಯುವಕ ಗಂಟಿಕ್ಕಿದ ಹುಬ್ಬಿನಲ್ಲೇ ನಕ್ಕುಬಿಟ್ಟ. "ಆ ಬೆಕ್ಕು ನಾನೇ. ಇದು ನಮ್ಮ ದೇಶದ ಮಣ್ಣು. ಈ ಮಣ್ಣಿನ ಮೇಲೆ ಹುಟ್ಟಿದವನಿಗೇ ಕಿರೀಟ ಅಂತ ನಮ್ಮನೆ ಕಟ್ಟಳೆ. ನಾನು ಹುಟ್ಟುವಾಗ ಅಮ್ಮನ ಮಂಚದಡಿ ಇಟ್ಟಿದ್ರು."

ಅವನು ದೊರೆಯ ಮಗ ಕಾಜಿಮಿರ್. ಅವನು ಹುಟ್ಟುವ ಮೊದಲೇ ಅಪ್ಪ ಸಿಂಹಾಸನ ಕಳೆದುಕೊಂಡು ಪೋರ್ಚುಗಲ್ ಸೇರಿದ್ದರು. ದೇಶವೇ ಇರಲಿಲ್ಲ, ಆದರೆ ಊಟದ ಮೇಜಿನಲ್ಲಿ ದೊರೆಯ ಬಲಕ್ಕೆ ಯಾರು ಕೂರಬೇಕೆಂಬ ಜಗಳ ಮಾತ್ರ ಒಂದು ದಿನವೂ ತಪ್ಪುತ್ತಿರಲಿಲ್ಲ.

ಎಂಟು ತಿಂಗಳು ಒಲಿಂದಾ ಮುದುಕ ದೊರೆಗೆ ಎಲೆಕೋಸಿನ ಸಾರು ಕುಡಿಸಿದಳು. ಅಷ್ಟರಲ್ಲಿ ಅವರ ಮಗನಿಗೆ ಮನಸ್ಸು ಕೊಟ್ಟಿದ್ದಳು. ಮೀನು ಮಾರುವವಳ ಮಗಳಾದ ತನ್ನನ್ನು ಮದುವೆಯಾದರೆ ಅವನ ಕಿರೀಟದ ಹಕ್ಕು ಹೋಗುತ್ತದೆ ಎಂದು ಗೊತ್ತಿದ್ದೂ ಕೊಟ್ಟಿದ್ದಳು!

ದೊರೆ ತೀರಿಕೊಂಡ ಮರುದಿನ ರಾಣಿಯಮ್ಮ ಅವಳನ್ನು ಕರೆದರು.

"ನಾಳೆ ಮಣ್ಣಾದ ಮೇಲೆ ನೀನು ಹೊರಡು. ಮಗನಿಗೆ ರಾಜಕುಮಾರಿ ಗೊತ್ತಾಗಿದ್ದಾಳೆ. ಸಮಾಧಿ ಮುಂದೇನೇ ಅವನು ಹಕ್ಕು ಒಪ್ಕೊಳ್ತಾನೆ."

"ಅವರು... ಹೂಂ ಅಂದ್ರಾ?"

"ರಾಜನ ಮಗನನ್ನ ಯಾರೂ ಕೇಳೋದಿಲ್ಲ, ಮಗಳೇ."

ಬೆಳಿಗ್ಗೆ ನೆಂಟರ ಗುಂಪಿನ ನಡುವೆ ಕಾಜಿಮಿರ್ ಅವಳ ಬಳಿ ಬಂದ. ಕಣ್ಣು ಕೆಂಪಾಗಿತ್ತು.

"ಆ ಪೆಟ್ಟಿಗೆ ಸ್ಮಶಾನಕ್ಕೆ ತಗೊಂಡ್ಬಾ. ಬೇರೆ ಯಾರ ಕೈಗೂ ಕೊಡ್ಬೇಡ."

ಅಷ್ಟೇ. ಹೊರಟೇಹೋದ.

ಹುಟ್ಟಲಿರುವ ರಾಜಕುಮಾರನಿಗೆ ಈಗಲೇ ಜೋಪಾನ... ಅದನ್ನೂ ನನ್ನ ಕೈಯಲ್ಲೇ ಹೊರಿಸಬೇಕಿತ್ತೇ? ಆದರೂ ಹೊತ್ತಳು.

ಗುಂಡಿಯ ಪಕ್ಕ ಹಳೆಯ ಮಂತ್ರಿ ಕಾಗದ, ಪೆನ್ನು ಹಿಡಿದು ನಿಂತಿದ್ದರು. "ಒಂದು ರುಜು ಹಾಕಿ, ಪ್ರಭು."

ಕಾಜಿಮಿರ್ ಪೆನ್ನು ಮುಟ್ಟಲಿಲ್ಲ. ಒಲಿಂದಾಳ ಕೈಯಿಂದ ಪೆಟ್ಟಿಗೆ ತೆಗೆದುಕೊಂಡ. ರಾಣಿಯಮ್ಮನ ಮುಖ ಅರಳಿತು.

ಅವನು ಬಗ್ಗಿ, ಮಣ್ಣನ್ನು ಅಪ್ಪನ ಶವಪೆಟ್ಟಿಗೆಯ ಮೇಲೆ ಸುರಿಯತೊಡಗಿದ.

"ಕಾಜಿಮಿರ್! ಅದು ನಿನ್ನ ಮಗನಿಗೆ..."

"ಅಪ್ಪ ಮೂವತ್ತು ವರ್ಷ ಊರು ಊರು ಅಂತ ಕೊರಗಿದ್ರಮ್ಮ. ಇನ್ನೂ ಹುಟ್ಟದವನಿಗಿಂತ ಇದು ಅವರಿಗೆ ಬೇಕು. ಹಕ್ಕು ಚಿಕ್ಕಪ್ಪನ ಮಗನಿಗೆ ಹೋಗ್ಲಿ. ನನಗೆ ಬೇಡ."

ಮಂತ್ರಿ ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. ರಾಣಿಯಮ್ಮ ಮಗನನ್ನು ದುರುಗುಟ್ಟಿ ನೋಡಿದರು; ಆಮೇಲೆ ಶವಪೆಟ್ಟಿಗೆಯನ್ನು ನೋಡಿದರು. ಕೊನೆಗೆ ಮೊಣಕಾಲೂರಿ, ಉಳಿದಿದ್ದ ಹಿಡಿ ಮಣ್ಣನ್ನು ತಾವೇ ಗಂಡನ ಮೇಲೆ ಹಾಕಿದರು.

ಎಲ್ಲರೂ ಹೋದ ಮೇಲೂ ಒಲಿಂದಾ ಖಾಲಿ ಪೆಟ್ಟಿಗೆ ಎತ್ತಿಕೊಂಡು ಕಾಜಿಮಿರ್‌ನ ಎದುರು ನಿಂತೇ ಇದ್ದಳು.

"ನಾನು... ನಿಮ್ಮ ಮದುವೆಗೆ ಅಂತ ಹೊತ್ತು ತಂದೆ."

"ಮದುವೆಗೇ. ನೀನು ಒಪ್ಪಿದ್ರೆ."

"ನಿನ್ನೆಯೇ ಹೇಳೋಕೇನಾಗಿತ್ತು?"

"ಸುರಿಯೋ ತನಕ ನನಗೇ ಧೈರ್ಯ ಇರ್ಲಿಲ್ಲ, ಒಲಿಂದಾ."

ಅವಳು ಅಳುತ್ತಲೇ ನಕ್ಕಳು. "ಹಾಗಾದ್ರೆ ನಮ್ಮ ಮಗು ಹುಟ್ಟುವಾಗ ಮಂಚದ ಕೆಳಗೆ ಏನಿಡೋದು?"

ಅವನು ಅವಳ ಕೈಯ ಮಣ್ಣು ಒರೆಸಿದ.

"ಏನೂ ಬೇಡ. ಬೆಕ್ಕು ಮಲ್ಕೊಳ್ಳಲಿ."